ಕದ್ರಿ ಪಕ್ಕದ ಭಾನುವಾರದ ತರಗತಿ: ಉದಾಸಿ ಸಾಧುಗಳ ಪಾಠಕ್ಕಾಗಿಯಾದರೂ ಸೇರಿ

ಬಿಜೈಯಿಂದ ಕದ್ರಿ ಕಡೆ ಹೋಗುವ ದಾರಿಯಲ್ಲಿ, ಒಂದು ಹಳೆ ಹಂಚಿನ ಮನೆಯ ಮಹಡಿಯಲ್ಲಿ, ಭಾನುವಾರ ಸಂಜೆ ದೊಡ್ಡವರಿಗೆ ಪಾಠ ನಡೆಯುತ್ತದೆ. ವಿಷಯ ಭಾರತದ ಸಾಧು ಪರಂಪರೆಗಳು. ಹೇಳಿಕೊಡುವವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮಾಸ್ಟ್ರು. ಐದು ಭಾನುವಾರಕ್ಕೆ 750 ರೂಪಾಯಿ. ಚಾ, ಬಿಸ್ಕೂಟು ಅದರಲ್ಲೇ ಸೇರಿದೆ. ಈಚೆಗೆ ಮುಗಿದ ತಂಡದಲ್ಲಿ ನಾನೂ ಇದ್ದೆ. ಸೇರಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಖಂಡಿತ ಸೇರಿ. ಅದರಲ್ಲೂ ನಾಲ್ಕನೇ ಭಾನುವಾರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಅವತ್ತು ಉದಾಸಿ ಸಾಧುಗಳ ಪಾಠ, ಅಂದರೆ ಗುರು ನಾನಕರ ದೊಡ್ಡ ಮಗ ಶ್ರೀಚಂದರ ಹಿಂದೆ ಹೋದ ಸನ್ಯಾಸಿಗಳದು.

ನನ್ನದು ಟೈಲರಿಂಗ್ ಅಂಗಡಿ. ವರ್ಷವಿಡೀ ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್. ನವೆಂಬರ್ ಬಂತೆಂದರೆ ಅಯ್ಯಪ್ಪ ಮಾಲೆ ಹಾಕುವವರ ಕಪ್ಪು ಅಂಗಿ. ಮಾಲೆ ಹಾಕಿದ ದಿನದಿಂದ ಆ ಮನುಷ್ಯನನ್ನು ಸ್ವಂತ ತಾಯಿಯೂ ಸ್ವಾಮಿ ಅಂತ ಕರೆಯುತ್ತಾಳೆ. ಅದೇ ಮನೆ, ಅದೇ ಹೆಂಡತಿ ಮಕ್ಕಳು, ಅದೇ ಕೆಲಸ. ಬಟ್ಟೆ ಮಾತ್ರ ಬೇರೆ. ಬಟ್ಟೆ ಬದಲಾದರೆ ಒಳಗಿನವನೂ ಬದಲಾಗುತ್ತಾನಾ? ಕಪ್ಪು ಬಟ್ಟೆ ಕತ್ತರಿಸುವಾಗೆಲ್ಲ ಈ ಪ್ರಶ್ನೆ ನನ್ನ ತಲೆಯಲ್ಲಿ ಓಡುತ್ತಿರುತ್ತದೆ. ಅದನ್ನು ಇಟ್ಟುಕೊಂಡೇ ತರಗತಿಗೆ ಸೇರಿದೆ.

ಜಾಗದ ಬಗ್ಗೆ ಮೊದಲು ಹೇಳುತ್ತೇನೆ. ಮಹಡಿ ಹತ್ತುವ ಮರದ ಮೆಟ್ಟಿಲು ಕಡಿದಾಗಿದೆ. ಮೊಣಕಾಲು ನೋವಿರುವವರಿಗೆ ಕಷ್ಟ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಿಡಿಯುವಷ್ಟೇ ಕೋಣೆ. ಎರಡು ಫ್ಯಾನ್ ಇದೆ, ಒಂದು ಮಾತ್ರ ಸರಿಯಾಗಿ ತಿರುಗುತ್ತದೆ. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಪ್ರೊಜೆಕ್ಟರ್ ಇಲ್ಲ. ಮಾಸ್ಟ್ರು ಕಪ್ಪು ಹಲಗೆ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತಾರೆ, ಕೈಯಲ್ಲಿ ಹಳೇ ಫೋಟೋಗಳನ್ನು ಹಿಡಿದು ಒಬ್ಬೊಬ್ಬರ ಹತ್ತಿರ ಬಂದು ತೋರಿಸುತ್ತಾರೆ. ನನಗೆ ಅದು ಇಷ್ಟವಾಯಿತು. ಫೋಟೋ ಕೈಗೆ ಸಿಕ್ಕಿದರೆ ಬಟ್ಟೆಯ ಅಂಚು, ಹೊಲಿಗೆ ಎಲ್ಲ ಹತ್ತಿರದಿಂದ ನೋಡಬಹುದು.

ಮೊದಲ ಭಾನುವಾರ ಶಂಕರಾಚಾರ್ಯರ ಹೆಸರಿನ ದಶನಾಮಿ ಸನ್ಯಾಸಿಗಳು. ಅದು ಸ್ವಲ್ಪ ಒಣ ಪಾಠ. ಹತ್ತು ಹೆಸರು, ನಾಲ್ಕು ಮಠ, ಏಳು ಅಖಾಡ (ಸಾಧುಗಳ ತಂಡ) ಅಂತ ಬರೆದುಕೊಳ್ಳುವುದರಲ್ಲೇ ಹೊತ್ತು ಹೋಯಿತು. ಎರಡನೆಯದು ನಾಥರು, ನಮ್ಮ ಕದ್ರಿ ಜೋಗಿಗಳ ಪಂಥ. ಚೆನ್ನಾಗಿತ್ತು. ಮೂರನೆಯದು ಬೈರಾಗಿಗಳು, ಅಂದರೆ ವೈಷ್ಣವ ಸಾಧುಗಳು. ಅವತ್ತು ಜೋರು ಮಳೆ ಬಂದು ಹಂಚಿನ ಸದ್ದಿಗೆ ಅರ್ಧ ಮಾತು ಕೇಳಲಿಲ್ಲ.

ನಾಲ್ಕನೇ ಭಾನುವಾರ ಮಾಸ್ಟ್ರು ಹಲಗೆಯ ಮೇಲೆ ಎರಡು ಗೆರೆ ಎಳೆದರು. ಮೇಲಿನದು ಪಂಜಾಬ್, ಕೆಳಗಿನದು ನಮ್ಮ ಕರಾವಳಿ. ಮೇಲೆ 1469 ಅಂತ ಬರೆದರು. ಗುರು ನಾನಕ್ ಹುಟ್ಟಿದ ವರ್ಷ. ಆಮೇಲೆ 1494. ಅವರ ದೊಡ್ಡ ಮಗ ಶ್ರೀಚಂದ್ ಹುಟ್ಟಿದ ವರ್ಷ. ಕೆಳಗೆ 1498, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು. 1522, ಉಡುಪಿಯಲ್ಲಿ ವಾದಿರಾಜರು ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ಮಾಡಿದ್ದು. ವಾದಿರಾಜರು 120 ವರ್ಷ ಬಾಳಿದರು ಅಂತ ನಮ್ಮಲ್ಲಿ ನಂಬಿಕೆ ಇದೆಯಲ್ಲ, 1480ರಿಂದ 1600ರವರೆಗೆ. ಶ್ರೀಚಂದ್ 1629ರವರೆಗೆ ಇದ್ದರು ಅಂತ ಉದಾಸಿಗಳ ನಂಬಿಕೆ. ಅಂದರೆ 135 ವರ್ಷ. ಇಬ್ಬರೂ ಒಂದೇ ಕಾಲದಲ್ಲಿ ಉಸಿರಾಡಿದವರು. ಒಬ್ಬರು ಸೋದೆಯಲ್ಲಿ, ಇನ್ನೊಬ್ಬರು ರಾವಿ ನದಿಯ ಹತ್ತಿರ. ಈ ಒಂದು ಚಿತ್ರದಿಂದ ಪಂಜಾಬು ನನಗೆ ದೂರದ ಊರಾಗಿ ಉಳಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗುರು ನಾನಕರು ಸಂಸಾರಸ್ಥರು. ಹೆಂಡತಿ ಸುಲಖ್ಖನಿ, ಇಬ್ಬರು ಗಂಡುಮಕ್ಕಳು, ಶ್ರೀಚಂದ್ ಮತ್ತು ಲಖ್ಮೀದಾಸ್. ದೇಶವೆಲ್ಲ ಸುತ್ತಿ ಬಂದ ಮೇಲೆ ಕರ್ತಾರ್‌ಪುರದಲ್ಲಿ ನಿಂತು ಬೇಸಾಯ ಮಾಡಿದರು. ದುಡಿದು ತಿನ್ನಬೇಕು, ಹಂಚಿ ತಿನ್ನಬೇಕು, ದೇವರ ಹೆಸರು ಹೇಳಬೇಕು. ಮನೆ ಬಿಟ್ಟು ಕಾಡಿಗೆ ಹೋಗುವುದು ಬೇಡ ಅಂತ ಹೇಳಿದರು. ಆದರೆ ದೊಡ್ಡ ಮಗನ ಮನಸ್ಸು ನಿಂತದ್ದು ವೈರಾಗ್ಯದ ಕಡೆಗೆ. ಮದುವೆ ಆಗಲಿಲ್ಲ. ಬೂದಿ ಬಳಿದುಕೊಂಡರು, ಧುನಿ ಹಾಕಿದರು, ಅಂದರೆ ಆರದೆ ಉರಿಯುವ ಬೆಂಕಿ. ಅವರ ಹಿಂದೆ ಹೋದವರೇ ಉದಾಸಿಗಳು.

1539ರಲ್ಲಿ ನಾನಕರು ತಮ್ಮ ಜಾಗಕ್ಕೆ ಮಗನನ್ನು ಕೂರಿಸಲಿಲ್ಲ. ಶಿಷ್ಯ ಲೆಹಣಾರನ್ನು ಆರಿಸಿ ಅಂಗದ್ ಅಂತ ಹೆಸರಿಟ್ಟರು. ಮೂರನೇ ಗುರು ಅಮರದಾಸರು, ಸಂಸಾರದಲ್ಲಿದ್ದು ಸಾಧನೆ ಮಾಡುವ ಸಿಖ್ಖರು ಬೇರೆ, ಬಿಟ್ಟು ಹೋಗುವ ಉದಾಸಿಗಳು ಬೇರೆ ಅಂತ ಸ್ಪಷ್ಟ ಗೆರೆ ಎಳೆದರು. ಇಷ್ಟು ಕೇಳಿದಾಗ ಅಪ್ಪ ಮಗ ಬೇರೆಯಾದ ಕಥೆ ಅಂತ ನಾವೆಲ್ಲ ಅಂದುಕೊಂಡೆವು. ಮಾಸ್ಟ್ರು "ಸ್ವಲ್ಪ ತಾಳಿ" ಅಂತ ಎರಡು ಕಾಗದ ಹಂಚಿದರು.

ಒಂದರಲ್ಲಿ ನಾನಕರ ಜಪ್‌ಜಿ ಎಂಬ ಪ್ರಾರ್ಥನೆಯ ಒಂದು ಪದ್ಯದ ಕನ್ನಡ ಅರ್ಥ. ಇನ್ನೊಂದರಲ್ಲಿ ಶ್ರೀಚಂದರ ಹೆಸರಿನಲ್ಲಿ ಉದಾಸಿಗಳು ಹೇಳುವ 'ಮಾತ್ರಾ' ಎಂಬ ಪದ್ಯದ ಅರ್ಥ. ಅಪ್ಪ ಜೋಗಿಗಳಿಗೆ ಹೇಳುತ್ತಾರೆ: ತೃಪ್ತಿ ನಿನ್ನ ಕಿವಿಯ ಕುಂಡಲ ಆಗಲಿ, ಲಜ್ಜೆ ನಿನ್ನ ಭಿಕ್ಷಾಪಾತ್ರೆ ಮತ್ತು ಜೋಳಿಗೆ ಆಗಲಿ, ಧ್ಯಾನ ನಿನ್ನ ಬೂದಿ. ಸಾವಿನ ನೆನಪು ನಿನ್ನ ತೇಪೆ ಹಾಕಿದ ಹೊದಿಕೆ. ನಂಬಿಕೆ ನಿನ್ನ ಕೈಕೋಲು. ಮಗ ಹೇಳುವುದು: ಜ್ಞಾನವೇ ಕೌದಿ, ಕ್ಷಮೆಯೇ ಟೊಪ್ಪಿ. ಸಂಯಮ ಸೊಂಟದ ಕಟ್ಟು, ಶೀಲ ಲಂಗೋಟಿ. ಧರ್ಮ ನಿಲುವಂಗಿ, ಸತ್ಯ ಸೇಲಿ ಎಂಬ ಹುರಿ. ಮಾನ ಮರ್ಯಾದೆ ಕೊರಳಿಗೆ ಹಾಕಿದ ಮೇಖಲೆ. ಧ್ಯಾನ ಕೈಚೀಲ. ಅದರ ಜೊತೆಗೇ ಸೂಜಿ ಇಡುವ ಡಬ್ಬಿಯೂ ಬರುತ್ತದೆ!

ಸೂಜಿ ಡಬ್ಬಿ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಊರೂರು ಅಲೆಯುವ ಸಾಧುವಿಗೆ ಅದು ಬೇಕೇ ಬೇಕು. ಕೌದಿ ಹರಿದರೆ ತಾನೇ ಹೊಲಿದುಕೊಳ್ಳಬೇಕು. ಬಟ್ಟೆಯ ಬಗ್ಗೆ ಬರೆದವರು ಸೂಜಿಯನ್ನು ಮರೆತಿಲ್ಲ ಅಂದರೆ ಅವರು ನಿಜವಾಗಿ ಆ ಬಟ್ಟೆ ಉಟ್ಟವರೇ ಅಂತ ನನಗೆ ಅನಿಸಿತು. ನಾನು ಎಷ್ಟೋ ಭಜನೆ ಕೇಳಿದ್ದೇನೆ. ಸೂಜಿ ಡಬ್ಬಿಗೆ ಒಂದು ಗುಣವನ್ನು ಕೊಟ್ಟ ಪದ್ಯ ಇದೇ ಮೊದಲು.

ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ. ಅಪ್ಪನ ಪಟ್ಟಿಯಲ್ಲಿರುವ ಸಾಮಾನು, ಮಗನ ಪಟ್ಟಿಯಲ್ಲಿರುವ ಸಾಮಾನು ಹೆಚ್ಚುಕಮ್ಮಿ ಒಂದೇ. ಅದು ಜೋಗಿಯ ವೇಷ. ಮೇಲಿನ ವೇಷ ಸಾಕು, ಆ ಗುಣಗಳನ್ನು ತೊಟ್ಟುಕೋ ಅಂತ ಅಪ್ಪ ಹೇಳಿದರು. ಮಗ ವೇಷವನ್ನೂ ತೊಟ್ಟರು, ತೊಡುವಾಗ ಒಂದೊಂದಕ್ಕೂ ಅಪ್ಪ ಹೇಳಿದಂಥ ಗುಣವನ್ನೇ ಹೆಸರಿಟ್ಟರು. ಅಪ್ಪನ ಮಾತನ್ನು ಮಗ ಬಿಟ್ಟಿದ್ದಾನೆ ಅಂತ ಹೇಗೆ ಹೇಳುವುದು? ಟೊಪ್ಪಿ ಹಾಕುವಾಗಲೆಲ್ಲ ಕ್ಷಮೆ ನೆನಪಾಗಬೇಕು ಅಂದರೆ ಅದು ದಿನಕ್ಕೊಂದು ಪಾಠ. ನನ್ನ ಕಪ್ಪು ಅಂಗಿಯ ಪ್ರಶ್ನೆಗೆ ನಾನು ಹುಡುಕುತ್ತಿದ್ದ ಉತ್ತರ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಬಟ್ಟೆ ತಾನಾಗಿ ಏನೂ ಮಾಡುವುದಿಲ್ಲ. ಉಡುವಾಗ ಏನು ಹೇಳಿಕೊಂಡು ಉಡುತ್ತೇವೆ ಅನ್ನುವುದರಿಂದ ಅದಕ್ಕೆ ಕೆಲಸ ಸಿಗುತ್ತದೆ.

ಫೋಟೋಗಳಲ್ಲಿ ಉದಾಸಿಗಳ ವೇಷ ಒಂದೇ ಥರ ಇಲ್ಲ. ಕೆಲವರು ಕಾವಿ ಅಥವಾ ಕೆಂಪು, ಕೆಲವರು ಬಿಳಿ. ಕೆಲವರಿಗೆ ಜಟೆ, ಕೆಲವರದು ಬೋಳು ತಲೆ. ಬರೀ ಲಂಗೋಟಿಯಲ್ಲಿ ಮೈತುಂಬ ಬೂದಿ ಬಳಿದವರೂ ಇದ್ದಾರೆ. ಸೇಲಿ ಅಂದರೆ ಕಪ್ಪು ಉಣ್ಣೆಯ ಹುರಿ. ತಲೆಗೋ ಕೊರಳಿಗೋ ಹಾಕುತ್ತಾರೆ. ಶ್ರೀಚಂದರು ಹುಟ್ಟುವಾಗಲೇ ಕಿವಿಯಲ್ಲಿ ಮಾಂಸದ ಕುಂಡಲ ಇತ್ತು, ಮೈ ಬೂದಿ ಬಣ್ಣ ಇತ್ತು ಅಂತ ಅವರಲ್ಲಿ ಕಥೆ ಇದೆ. ಅದಕ್ಕೇ ಅವರನ್ನು ಶಿವನ ಅವತಾರ ಅಂತ ನಂಬುತ್ತಾರೆ.

ಅವರು ಏನನ್ನು ಪೂಜಿಸುತ್ತಾರೆ? ಇಲ್ಲಿ ಮಾಸ್ಟ್ರು ಬಹಳ ನಿಧಾನವಾಗಿ ಹೇಳಿದರು, ನನಗೆ ಅದು ಹಿಡಿಸಿತು. ಉದಾಸಿಗಳ ಜಾಗದಲ್ಲಿ ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್ ಇರುತ್ತದೆ, ಅದನ್ನು ಓದುತ್ತಾರೆ, ಅರ್ಥ ಹೇಳುತ್ತಾರೆ. ಅಲ್ಲೇ ಶ್ರೀಚಂದರ ಮೂರ್ತಿಯೂ ಇರುತ್ತದೆ. ಶಿವ, ವಿಷ್ಣು, ದೇವಿ, ಗಣಪತಿ, ಸೂರ್ಯ, ಈ ಐದು ದೇವರ ಪೂಜೆ ಇದೆ. ನಮ್ಮ ಸ್ಮಾರ್ತರ ಮನೆಯ ಪಂಚಾಯತನ ನೋಡಿದವರಿಗೆ ಇದು ಹೊಸತಲ್ಲ. ಗಂಟೆ ಬಾರಿಸಿ ಆರತಿ ಎತ್ತುತ್ತಾರೆ. ಬೂದಿಯನ್ನು ಗಟ್ಟಿ ಉಂಡೆ ಕಟ್ಟಿ 'ಗೋಲಾ ಸಾಹಿಬ್' ಅಂತ ಪೂಜಿಸುವ ಪದ್ಧತಿಯೂ ಅಖಾಡಗಳಲ್ಲಿದೆ. ಖಾಲ್ಸಾ, ಅಂದರೆ ದೀಕ್ಷೆ ಪಡೆದು ಕೇಶ ಬಿಟ್ಟ ಸಿಖ್ಖರು ಮೂರ್ತಿ ಒಪ್ಪುವುದಿಲ್ಲ, ಆದ್ದರಿಂದ ಇಲ್ಲಿ ಭೇದ ದೊಡ್ಡದು. ಅದನ್ನು ಮಾಸ್ಟ್ರು ತೇಲಿಸಿ ಹೇಳಲಿಲ್ಲ. "ಎಲ್ಲ ಒಂದೇ" ಅಂತ ಹೇಳಿ ಕೈತೊಳೆದುಕೊಳ್ಳುವ ಉಪನ್ಯಾಸ ನನಗೆ ಸಾಕಾಗಿದೆ. ಒಂದೇ ಅಲ್ಲದ್ದನ್ನು ಒಂದೇ ಅಲ್ಲ ಅಂತ ಹೇಳಬೇಕು. ಹೇಳಿಯೂ ಪ್ರೀತಿಯಿಂದ ವಿವರಿಸಬಹುದು ಅನ್ನುವುದಕ್ಕೆ ಈ ತರಗತಿ ಸಾಕ್ಷಿ.

ಪಂಥದ ಮೂಲ ಎಲ್ಲಿಂದ ಅಂತ ಉದಾಸಿಗಳನ್ನು ಕೇಳಿದರೆ ಬ್ರಹ್ಮನ ಮಗ ಸನತ್ಕುಮಾರನಿಂದ ಅನ್ನುತ್ತಾರಂತೆ. ಶ್ರೀಚಂದರು ಅದನ್ನು ಮತ್ತೆ ಎತ್ತಿ ಕಟ್ಟಿದವರು. ಇದನ್ನು ಕೇಳಿ ಉಡುಪಿಯಿಂದ ಬರುತ್ತಿದ್ದ ಹಿರಿಯರೊಬ್ಬರು ಕೈ ಎತ್ತಿದರು. "ಮಾಸ್ಟ್ರೇ, ನಮ್ಮ ಮಾಧ್ವ ಗುರುಪರಂಪರೆ ಹೇಳುವಾಗಲೂ ಮೊದಲು ಹಂಸ, ಆಮೇಲೆ ಬ್ರಹ್ಮ, ಆಮೇಲೆ ಸನಕಾದಿಗಳೇ ಬರುವುದು." ಮಾಸ್ಟ್ರು ನಕ್ಕು, "ಹಾಗಾದರೆ ನಿಮಗೆ ಅವರು ದೂರದ ದಾಯಾದಿಗಳಾದರು, ಭಟ್ರೇ" ಅಂದರು. ಆ ಹಿರಿಯರು ಆಮೇಲೆ ಪ್ರತಿ ಹೆಸರನ್ನೂ ಬರೆದುಕೊಂಡರು.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಮನೆತನದ ಎರಡು ಕಥೆಗಳು. ನಾಲ್ಕನೇ ಗುರು ರಾಮದಾಸರು ಒಮ್ಮೆ ವಯಸ್ಸಾದ ಶ್ರೀಚಂದರನ್ನು ಕಾಣುತ್ತಾರೆ. "ಗಡ್ಡ ಇಷ್ಟು ಉದ್ದ ಯಾಕೆ ಬಿಟ್ಟಿದ್ದೀ?" ಅಂತ ಶ್ರೀಚಂದರು ಕೇಳುತ್ತಾರೆ. "ನಿಮ್ಮಂಥವರ ಪಾದದ ಧೂಳು ಒರೆಸುವುದಕ್ಕೆ" ಅಂತ ಗುರುಗಳು ಬಗ್ಗುತ್ತಾರೆ. ಗಾದಿ ಸಿಗದ ಮಗ ಒಂದು ಕಡೆ, ಗಾದಿಯಲ್ಲಿ ಕೂತವರು ಇನ್ನೊಂದು ಕಡೆ. ಗಾದಿಯಲ್ಲಿದ್ದವರೇ ಬಗ್ಗಿದರು. ಆಸ್ತಿ ಪಾಲಿನಲ್ಲಿ ಹತ್ತು ಸೆಂಟ್ಸ್ ಜಾಗಕ್ಕೆ ಅಣ್ಣ ತಮ್ಮ ಮಾತು ಬಿಟ್ಟದ್ದನ್ನು ನಾವು ನಮ್ಮ ಬೀದಿಯಲ್ಲೇ ನೋಡುತ್ತೇವೆ. ಹಾಗಾಗಿ ನನಗೆ ಇದು ಸಣ್ಣ ಕಥೆ ಅನಿಸಲಿಲ್ಲ.

ಎರಡನೆಯದು ಆರನೇ ಗುರು ಹರಗೋಬಿಂದರದು. ಅವರಿಗೆ ಐದು ಗಂಡುಮಕ್ಕಳು. ನಿನ್ನ ಮಕ್ಕಳಲ್ಲಿ ಒಬ್ಬನನ್ನು ನಮ್ಮ ಪಂಥದ ಕೆಲಸಕ್ಕೆ ಕೊಡುತ್ತೀಯಾ ಅಂತ ಶ್ರೀಚಂದರು ಕೇಳಿದರಂತೆ. ಹರಗೋಬಿಂದರು ದೊಡ್ಡ ಮಗ ಗುರ್ದಿತ್ತಾರನ್ನೇ ಕೊಟ್ಟರು. ಈ ಬಾಬಾ ಗುರ್ದಿತ್ತಾ, 1613ರಲ್ಲಿ ಹುಟ್ಟಿ 1638ರಲ್ಲಿ ತೀರಿಕೊಂಡವರು, ಮದುವೆಯಾದವರು. ಸನ್ಯಾಸಿಗಳ ಪಂಥಕ್ಕೆ ಒಬ್ಬ ಗೃಹಸ್ಥ ಮುಖ್ಯಸ್ಥ! ಅವರ ಮಗ ಹರರಾಯರೇ ಮುಂದೆ ಸಿಖ್ಖರ ಏಳನೇ ಗುರು. ನೂರು ವರ್ಷದ ಹಿಂದೆ ಬೇರೆಯಾದ ಎರಡು ದಾರಿಯನ್ನು ಒಂದು ಮನೆ ಮತ್ತೆ ಕಟ್ಟಿ ಹಾಕಿತು. ಮಾಸ್ಟ್ರು ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನಾವೂ ಏನೂ ಕೇಳಲಿಲ್ಲ.

ಗುರ್ದಿತ್ತಾ ಪಂಥವನ್ನು ನಾಲ್ಕು ಧುನಿಗಳಾಗಿ, ಅಂದರೆ ನಾಲ್ಕು ಶಾಖೆಗಳಾಗಿ ಕಟ್ಟಿದರು. ಅಲ್‌ಮಸ್ತ್, ಬಾಲು ಹಸ್ನಾ, ಗೋಂದಾ, ಫೂಲ್ ಸಾಹಿಬ್, ಈ ನಾಲ್ವರು ಒಂದೊಂದಕ್ಕೆ ಹಿರಿಯರು.  ಸಾಧು ಎಲ್ಲಿ ಕೂತರೂ ಧುನಿಯ ಸುತ್ತಲೇ ಊಟ, ಪಾಠ, ಬೂದಿ. ಇವರಲ್ಲಿ ಅಲ್‌ಮಸ್ತರ ಕಥೆ ನಮಗೆ ಹತ್ತಿರದ್ದು. ಈಗ ಉತ್ತರಾಖಂಡದಲ್ಲಿರುವ ನಾನಕಮತ್ತಾ ಮೊದಲು ಗೋರಖಮತ್ತಾ ಆಗಿತ್ತು, ನಾಥ ಜೋಗಿಗಳ ಜಾಗ. ಅಲ್ಲಿನ ನಾನಕರ ನೆನಪಿನ ಅಶ್ವತ್ಥ ಮರವನ್ನು ಕಾಯ್ದವರು ಅಲ್‌ಮಸ್ತ್. ಜೋಗಿಗಳ ಜೊತೆ ಜಗಳವಾದಾಗ ಗುರು ಹರಗೋಬಿಂದರೇ ನೆರವಿಗೆ ಬಂದರು ಅಂತ ಹೇಳುತ್ತಾರೆ. ಕದ್ರಿಯವರೇ ಆದ ನಾವು ಜೋಗಿಗಳ ಪಕ್ಷವಾ, ಉದಾಸಿಗಳ ಪಕ್ಷವಾ ಅಂತ ತರಗತಿಯಲ್ಲಿ ಒಂದು ಕ್ಷಣ ಗಲಾಟೆಯೇ ಆಯಿತು, ಮಾರಾಯ್ರೇ.

ಹದಿನೆಂಟನೇ ಶತಮಾನದಲ್ಲಿ ಖಾಲ್ಸಾ ಸಿಖ್ಖರನ್ನು ಮೊಘಲ್ ಅಧಿಕಾರಿಗಳು ಬೇಟೆಯಾಡಿದರು. ಕೇಶ, ಪೇಟ ನೋಡಿ ಹಿಡಿದು ಕೊಲ್ಲುತ್ತಿದ್ದರು. ಸಿಖ್ಖರು ಕಾಡು ಸೇರಿದಾಗ ಗುರುದ್ವಾರಗಳಲ್ಲಿ ದೀಪ ಹಚ್ಚಿದವರು, ಗ್ರಂಥ ಓದಿದವರು, ಊಟ ಹಾಕಿದವರು ಉದಾಸಿಗಳು. ಅವರ ಮೈಮೇಲೆ ಖಾಲ್ಸಾ ಗುರುತು ಇರಲಿಲ್ಲ, ಅದಕ್ಕೆ ಅವರು ಉಳಿದರು. ನೋಡಿ, ಮತ್ತೆ ಬಟ್ಟೆಯ ವಿಷಯವೇ ಬಂತು. ಅಮೃತಸರದ ಸರೋವರಕ್ಕೆ ರಾವಿ ನದಿಯ ನೀರು ತರುವ ಕಾಲುವೆ ತೆಗೆಸಿದ್ದೂ ಪ್ರೀತಮ್ ದಾಸ್, ಸಂತೋಖ್ ದಾಸ್ ಎಂಬ ಉದಾಸಿ ಸಾಧುಗಳೇ. ಮಕ್ಕಳಿಗೆ ಅಕ್ಷರ ಕಲಿಸಿದರು, ಔಷಧಿ ಕೊಟ್ಟರು. ರಣಜಿತ್ ಸಿಂಗ್ ಕಾಲದಲ್ಲಿ ಅವರ ಮಠಗಳಿಗೆ ಬೇಕಾದಷ್ಟು ಭೂಮಿ ಬಂತು.

ಭೂಮಿ ಬಂದ ಮೇಲೆ ಕೆಡುಕೂ ಬಂತು. ಕೆಲವು ಮಹಂತರು, ಅಂದರೆ ಮಠದ ಮುಖ್ಯಸ್ಥರು, ಗುರುದ್ವಾರವನ್ನು ಸ್ವಂತ ಆಸ್ತಿ ಮಾಡಿಕೊಂಡರು. ನಾನಕರು ಹುಟ್ಟಿದ ನನಕಾನಾ ಸಾಹಿಬ್‌ನಲ್ಲಿ ಮಹಂತ ನಾರಾಯಣ ದಾಸ್ ಇದ್ದ. 1921ರ ಫೆಬ್ರವರಿ 20ರಂದು ಶಾಂತವಾಗಿ ಒಳಗೆ ಬಂದ ಸಿಖ್ಖರ ಮೇಲೆ ಅವನ ಜನ ಗುಂಡು ಹಾರಿಸಿದರು, ಕೊಡಲಿಯಿಂದ ಕಡಿದರು, ಸುಟ್ಟರು. ಪವಿತ್ರ ಜಾಗದ ಒಳಗೇ. ಆಮೇಲೆ 1925ರಲ್ಲಿ ಗುರುದ್ವಾರಗಳ ಕಾಯ್ದೆ ಬಂತು, ಉದಾಸಿ ಮಹಂತರ ಕೈಯಿಂದ ಗುರುದ್ವಾರಗಳು ಹೋದವು. ಉದಾಸಿಗಳು ತಾವು ಹಿಂದೂ ಪರಂಪರೆಯವರು ಅಂತ ಹೆಚ್ಚು ಹೆಚ್ಚು ಹೇಳಿಕೊಳ್ಳತೊಡಗಿದರು.

ಈ ಭಾಗ ಹೇಳುವಾಗ ಮಾಸ್ಟ್ರ ಸ್ವರ ಗಟ್ಟಿಯಾಗಿತ್ತು. ಕೊಲೆಗಾರನಿಗೆ ಯಾವ ನೆಪವನ್ನೂ ಕೊಡಲಿಲ್ಲ. ಹಾಗಂತ ದೀಪ ಕಾದ ನೂರು ವರ್ಷವನ್ನೂ ಅಳಿಸಲಿಲ್ಲ. ಎರಡೂ ನಡೆದದ್ದು ನಿಜ, ಎರಡನ್ನೂ ನೆನಪಿಡಬೇಕು ಅಂದರು. ಅಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಕ್ಷಮೆಯ ಟೊಪ್ಪಿ ಹಾಕಿದವರ ಸಾಲಿನಲ್ಲೇ ಒಬ್ಬ ಹೀಗೆ ಮಾಡಿದ ಅಂದರೆ, ಹೇಳಿಕೊಂಡು ಉಟ್ಟ ಬಟ್ಟೆಯೂ ಒಮ್ಮೊಮ್ಮೆ ಬರಿದೇ ಬಟ್ಟೆಯಾಗಿ ಉಳಿಯುತ್ತದೆ. ಅದನ್ನು ಒಪ್ಪುವುದು ಸುಲಭವಲ್ಲ.

ಚಾ ಹೊತ್ತಿಗೆ ಇನ್ನೊಂದು ಒಳ್ಳೆ ಸಂಗತಿ ಆಯಿತು. ನಾನು ಲೈನಿಂಗ್ ಬಟ್ಟೆ ತರುವ ಹಂಪನಕಟ್ಟೆಯ ಅಂಗಡಿಯ ಸೇಟ್ ಕೂಡ ಈ ತರಗತಿಗೆ ಬರುತ್ತಿದ್ದರು. ಸಿಂಧಿಗಳು. ಹುಟ್ಟಿ ಬೆಳೆದದ್ದು ಇಲ್ಲೇ, ತುಳು ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ. "ಅಕ್ಕ, ನಮ್ಮ ಅಜ್ಜಿ ಸಖ್ಖರ್ ಊರಿನವರು" ಅಂದರು. "ಸಿಂಧೂ ನದಿಯ ಮಧ್ಯದ ದ್ವೀಪದಲ್ಲಿ ಸಾಧ್ ಬೇಲೋ ಇದೆ. ದೋಣಿಯಲ್ಲಿ ಹೋಗಬೇಕು. ಅಜ್ಜಿ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು." ಮಾಸ್ಟ್ರು ಅದನ್ನು ಕೇಳಿಸಿಕೊಂಡು ಹಲಗೆಯ ಮೇಲೆ 1823 ಅಂತ ಬರೆದರು. ಉದಾಸಿ ಸಾಧು ಬಾಬಾ ಬನಖಂಡಿ ಆ ದ್ವೀಪದಲ್ಲಿ ನೆಲೆ ಹಾಕಿದ ವರ್ಷ. ಸಿಂಧಿಗಳ ದೇವಸ್ಥಾನದಲ್ಲಿ ಗ್ರಂಥ ಸಾಹಿಬ್ ಪಕ್ಕದಲ್ಲೇ ಕೃಷ್ಣ, ಶಿವ, ಸಿಂಧಿಗಳ ದೇವರು ಝೂಲೇಲಾಲ್ ಇರುವುದು ಯಾಕೆ ಅಂತ ಆಗ ಗೊತ್ತಾಯಿತು. ಸಿಂಧಿಗಳಿಗೆ ನಾನಕರ ಮಾತು ತಲುಪಿಸಿದ್ದರಲ್ಲಿ ಉದಾಸಿಗಳ ಪಾಲು ದೊಡ್ಡದು. "ನಮ್ಮ ಮನೆಯಲ್ಲಿ ಹಿಂದೂನಾ ಸಿಖ್ಖಾ ಅಂತ ಯಾರೂ ಕೇಳಲೇ ಇಲ್ಲ, ಜನಗಣತಿಯವರು ಬಂದಾಗಲೇ ಕೇಳಿದ್ದು" ಅಂದರು ಸೇಟ್. ಇಷ್ಟು ವರ್ಷ ಅವರ ಹತ್ತಿರ ಮೀಟರ್ ಲೆಕ್ಕ ಬಿಟ್ಟು ಬೇರೆ ಮಾತಾಡಿರಲಿಲ್ಲ. ತರಗತಿಯ ದುಡ್ಡು ಅಲ್ಲಿಗೇ ಬಂತು.

ಇವತ್ತು ಉದಾಸಿಗಳನ್ನು ನೋಡಬೇಕಾದರೆ ಕುಂಭಮೇಳವೇ ಸರಿಯಾದ ಜಾಗ. ಹದಿಮೂರು ಅಖಾಡಗಳಲ್ಲಿ ಎರಡು ಅವರದು. ಬಡಾ ಉದಾಸೀನ ಅಖಾಡದ ಮುಖ್ಯ ನೆಲೆ ಪ್ರಯಾಗದಲ್ಲಿ, ನಯಾ ಉದಾಸೀನ ಅಖಾಡದ್ದು ಹರಿದ್ವಾರದ ಕನಖಲ್‌ನಲ್ಲಿ. ಸ್ನಾನಕ್ಕೆ ಸನ್ಯಾಸಿಗಳು ಮೊದಲು, ಬೈರಾಗಿಗಳು ಆಮೇಲೆ, ಉದಾಸಿಗಳು ಅವರ ನಂತರ. ಕೊನೆಗೆ ನಿರ್ಮಲ ಅಖಾಡ. ಅವರೂ ಗ್ರಂಥ ಸಾಹಿಬ್ ಹಿಡಿದವರೇ. 2025ರ ಪ್ರಯಾಗ ಕುಂಭಕ್ಕೆ ಮಂಗಳೂರಿನಿಂದಲೂ ಜನ ಹೋಗಿದ್ದರಲ್ಲ. ಅವರಲ್ಲಿ ಎಷ್ಟು ಜನ ನಾಗಾ ಸಾಧುಗಳ ಫೋಟೋ ತೆಗೆದು ಅಲ್ಲಿಗೇ ಬಂದರೋ. ಮುಂದೆ ಹೋಗುವವರು ಉದಾಸಿಗಳ ಡೇರೆಗೂ ಹೋಗಿ ಕೂರಿ ಅಂತ ನನ್ನ ಕೇಳಿಕೆ.

ಇಷ್ಟೆಲ್ಲ ಒಂದೇ ಸಂಜೆಯಲ್ಲಿ ತುಂಬಿಸಿದ್ದು ಈ ತರಗತಿಯ ದೊಡ್ಡ ತಪ್ಪು. ಏಳೂವರೆಗೆ ಮುಗಿಯಬೇಕಾದ ಪಾಠ ಎಂಟು ಗಂಟೆ ದಾಟಿತು. ಸುರತ್ಕಲ್, ಉಡುಪಿ ಕಡೆಯವರು ಬಸ್ಸಿಗಾಗಿ ನಡುವೆ ಎದ್ದು ಹೋದರು. ಕುಂಭದ ಭಾಗವನ್ನು ಅವರು ಕೇಳಲೇ ಇಲ್ಲ. ದಶನಾಮಿ ಪಾಠವನ್ನು ಅರ್ಧಕ್ಕಿಳಿಸಿ ಉದಾಸಿಗಳಿಗೆ ಎರಡು ಭಾನುವಾರ ಕೊಡಬೇಕು. ಇದನ್ನು ಮಾಸ್ಟ್ರಿಗೂ ಹೇಳಿದ್ದೇನೆ. ಕೊಟ್ಟ ಝೆರಾಕ್ಸ್ ಪ್ರತಿಗಳು ಬಹಳ ಮಸುಕು. ಅಕ್ಷರ ಸಣ್ಣದು, ನಲವತ್ತು ದಾಟಿದವರಿಗೆ ಕಣ್ಣಿಗೆ ತ್ರಾಸ. ರೆಕಾರ್ಡಿಂಗ್ ಮಾಡಲು ಬಿಡುವುದಿಲ್ಲ. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ, ಒಂದು ವಾರ ತಪ್ಪಿದವರಿಗೆ ದಾರಿಯೇ ಇಲ್ಲ. ನಮ್ಮ ಬೀದರಿನ ನಾನಕ್ ಝೀರಾದ ಬಗ್ಗೆ ಎರಡೇ ವಾಕ್ಯ ಹೇಳಿದರು. ನಾನಕರು ಬಂದಾಗ ಸಿಹಿನೀರಿನ ಬುಗ್ಗೆ ಎದ್ದಿತು ಅಂತ ನಂಬುವ ಜಾಗ ನಮ್ಮ ರಾಜ್ಯದಲ್ಲೇ ಇದೆ. 1699ರಲ್ಲಿ ಖಾಲ್ಸಾ ಆದ ಮೊದಲ ಐವರಲ್ಲಿ ಸಾಹಿಬ್ ಸಿಂಗ್ ಬೀದರಿನವರು. ಕನ್ನಡ ತರಗತಿಯಲ್ಲಿ ಇದಕ್ಕೆ ಜಾಸ್ತಿ ಹೊತ್ತು ಸಿಗಬೇಕಿತ್ತು, ಅಲ್ವಾ?

ಐದನೇ ಭಾನುವಾರ ಕದ್ರಿಗೆ ನಡಿಗೆ. ಮಂಜುನಾಥ ದೇವಸ್ಥಾನದ ಲೋಕೇಶ್ವರ ಮೂರ್ತಿಯನ್ನು ಮೊದಲು ನೋಡಿದೆವು. 968ರಲ್ಲಿ ಆಳುಪರ ಕುಂದವರ್ಮ ಮಾಡಿಸಿದ್ದು ಅಂತ ಅದರ ಪೀಠದಲ್ಲೇ ಬರೆದಿದೆ. ಹೆಸರು ಬೌದ್ಧರದು, ಪೂಜೆ ಶೈವರದು. ಇಂಥ ಊರಿನವರಿಗೆ ಗ್ರಂಥ ಸಾಹಿಬ್ ಮುಂದೆ ಕೂತ ಬೂದಿ ಬಳಿದ ಸಾಧು ವಿಚಿತ್ರ ಅನಿಸಬಾರದು ಅಂತ ಮಾಸ್ಟ್ರು ಅಲ್ಲೇ ನಿಂತು ಹೇಳಿದರು. ಆಮೇಲೆ ಮೆಟ್ಟಿಲು ಹತ್ತಿ ಜೋಗಿ ಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭದ ನಂತರ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳು ನಡೆದು ಬಂದು ಇಲ್ಲಿ ಹೊಸ ಅರಸರನ್ನು ಕೂರಿಸುತ್ತಾರೆ. ಹೋದ ಸಲ 2016ರಲ್ಲಿ ಬಂದಿದ್ದರು. ಮಠದಲ್ಲಿದ್ದ ಜೋಗಿಯೊಬ್ಬರ ಕಿವಿಯ ಮಧ್ಯದಲ್ಲಿ ದೊಡ್ಡ ಕುಂಡಲ ಇತ್ತು. ಚಿಕ್ಕಂದಿನಿಂದ ಕಂಡ ಕುಂಡಲವೇ. ಈ ಸಲ ನೋಡುವಾಗ "ತೃಪ್ತಿ" ಅಂತ ನನ್ನ ಬಾಯಿಗೇ ಬಂತು. ಜೋಗಿಯವರು ಏನು ಅಂತ ಕೇಳಿದರು. ಗುರು ನಾನಕರ ಪದ್ಯ ಹೇಳಿದೆ. ಅವರು ತಲೆಯಾಡಿಸಿ, "ಒಳ್ಳೆ ಮಾತು, ಕಿವಿ ಚುಚ್ಚಿಸಿಕೊಂಡ ಮೇಲೂ ಅದನ್ನು ದಿನಾ ಚುಚ್ಚಿಸಿಕೊಳ್ಳಬೇಕಮ್ಮ" ಅಂದರು.

ನಡಿಗೆಗೆ ಕೊಟ್ಟ ಹೊತ್ತು ಸಾಲದು. ಭಾನುವಾರ ಸಂಜೆ ದೇವಸ್ಥಾನದಲ್ಲಿ ರಶ್ಶು, ಸರತಿ ಸಾಲಿನಲ್ಲೇ ಅರ್ಧ ಗಂಟೆ ಹೋಯಿತು. ಬೆಳಿಗ್ಗೆ ಇಟ್ಟರೆ ಒಳ್ಳೆಯದು.

ಹೊಸ ತಂಡ ದೀಪಾವಳಿ ಕಳೆದ ಮೇಲೆ ಶುರುವಾಗುತ್ತದಂತೆ. ಕುರ್ಚಿ ಇಪ್ಪತ್ತೇ ಇರುವುದರಿಂದ ಮೊದಲೇ ಹೆಸರು ಕೊಡಿ. ಫೀಸನ್ನು ಎರಡು ಕಂತಿನಲ್ಲಿ ಕೊಟ್ಟರೂ ತೆಗೆದುಕೊಳ್ಳುತ್ತಾರೆ, ಗೂಗಲ್ ಪೇ ಆಗುತ್ತದೆ. ಕಾರು ತರಬೇಡಿ, ಗೇಟಿನ ಎದುರು ನಿಲ್ಲಿಸಲು ಜಾಗವಿಲ್ಲ. ಕೆಎಸ್ಆರ್‌ಟಿಸಿ ಬಸ್ ನಿಲ್ದಾಣದಿಂದ ನಡೆದೇ ಬರಬಹುದು. ಸೊಳ್ಳೆಗೆ ಏನಾದರೂ ಹಚ್ಚಿಕೊಂಡು ಬನ್ನಿ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಹೆಸರು ಕೊಡುವಾಗಲೇ ಮಾಸ್ಟ್ರಿಗೆ ತಿಳಿಸಿ. ನಾಲ್ಕು ಜನ ಹಾಗೆ ಕೇಳಿದರೆ ಕೆಳಗಿನ ಚಾವಡಿಯಲ್ಲೇ ಪಾಠ ಮಾಡುತ್ತೇನೆ ಅಂದಿದ್ದಾರೆ.